ಬೋರಿನ ನೀರೂ ಹೊಳೆಯ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ನಾವು ಮೊದಲು ಬೈಯುವುದು ಮಳೆಯನ್ನು, ಆಮೇಲೆ ಮೇಲಿನ ಅಣೆಕಟ್ಟನ್ನು. ದಡದ ಆಚೆ ಹಗಲು ರಾತ್ರಿ ಓಡುವ ಬೋರ್‌ವೆಲ್ ಮೋಟಾರುಗಳ ಮಾತು ಯಾರೂ ಎತ್ತುವುದಿಲ್ಲ. ಅದು ನೆಲದಡಿಯ ನೀರು, ಹೊಳೆಗೂ ಅದಕ್ಕೂ ಏನು ಸಂಬಂಧ ಅಂದುಕೊಂಡಿದ್ದೇವೆ, ಅಲ್ವಾ?

ಮಳೆ ನಿಂತು ತಿಂಗಳುಗಳಾದ ಮೇಲೂ ಹೊಳೆ ಹರಿಯುತ್ತಿರುತ್ತದಲ್ಲ, ಆ ನೀರು ಎಲ್ಲಿಯದು? ದಡದ ಮರಳಲ್ಲಿ ಮೊಣಕೈ ಆಳದ ಗುಂಡಿ ತೋಡಿ ನೋಡಿ. ಮೊದಲು ಬಗ್ಗಡ, ಸ್ವಲ್ಪ ಹೊತ್ತಿಗೆ ಒಂದು ಬದಿಯಿಂದ ತಣ್ಣನೆಯ ತಿಳಿನೀರು ಜಿನುಗುತ್ತದೆ, ಮರಳಿನ ಕಾಳುಗಳು ಅದರ ಜೊತೆಗೇ ಕುಣಿಯುತ್ತವೆ. ಈ ಒರತೆಯೇ ಬೇಸಿಗೆಯ ಹೊಳೆ. ಸುತ್ತಲಿನ ನೆಲದಡಿಯ ನೀರು ಹೊಳೆಗಿಂತ ಎತ್ತರದಲ್ಲಿ ಇರುವ ತನಕ ಮಾತ್ರ ಅದು ಇರುತ್ತದೆ. ಬೋರುಗಳು ಎಳೆದೂ ಎಳೆದೂ ಆ ಮಟ್ಟ ಇಳಿದರೆ ಮೊದಲು ಒರತೆ ನಿಲ್ಲುತ್ತದೆ, ಇನ್ನೂ ಇಳಿದರೆ ಹೊಳೆಯ ನೀರೇ ತಿರುಗಿ ನೆಲದೊಳಕ್ಕೆ ಇಂಗತೊಡಗುತ್ತದೆ.

ಇದು ಹೊಸ ವಿಷಯ ಅಲ್ಲ. ಅಮೆರಿಕದ ಅಂತರ್ಜಲ ವಿಜ್ಞಾನಿ ಸಿ. ವಿ. ಥೈಸ್ 1940ರಲ್ಲೇ ಹೇಳಿದ್ದರು: ಬಾವಿಯಿಂದ ತೆಗೆದಷ್ಟು ನೀರು ಬೇರೆಲ್ಲೋ ಕಡಿಮೆಯಾಗಲೇಬೇಕು. ಮೊದಮೊದಲು ಅದು ನೆಲದೊಳಗಿನ ಸಂಗ್ರಹದಿಂದ ಹೋಗುತ್ತದೆ, ದಿನ ಕಳೆದಂತೆ ಹೊಳೆಯ ಪಾಲಿನಿಂದ. ತೊಂದರೆ ಇರುವುದು ಈ 'ದಿನ ಕಳೆದಂತೆ'ಯಲ್ಲೇ. ದಡದ ಪಕ್ಕದ ಬೋರಿನ ಏಟು ಬೇಗ ತಾಗುತ್ತದೆ, ದೂರದ್ದು ತಾಗಲು ವರ್ಷಗಳು, ಕೆಲವು ಕಡೆ ದಶಕಗಳೇ ಬೇಕು. ಹೊಳೆ ಬತ್ತಿದ ಮೇಲೆ ಮೋಟಾರು ನಿಲ್ಲಿಸಿದರೂ ನೀರು ತಕ್ಷಣ ಬರುವುದಿಲ್ಲ, ನೆಲದೊಳಗಿನ ಖಾಲಿ ಮೊದಲು ತುಂಬಬೇಕು. ಸ್ಪೇನಿನಲ್ಲಿ ಗ್ವಾದಿಯಾನಾ ನದಿಯ 'ಕಣ್ಣುಗಳು' ಎನ್ನುವ ಸೆಲೆಗಳು ನೀರಾವರಿ ಬಾವಿಗಳಿಂದಾಗಿ 1980ರ ದಶಕದಲ್ಲಿ ಬತ್ತಿದವು. 2009ರಲ್ಲಿ ಅಲ್ಲೇ ಹತ್ತಿರದ ದಾಯ್ಮಿಯೆಲ್ ಜೌಗಿನ ಒಣಗಿದ ಮಣ್ಣು ನೆಲದೊಳಗೇ ಹೊತ್ತಿ ಉರಿಯಿತು. ನೀರು ನಿಲ್ಲುತ್ತಿದ್ದ ಜಾಗದಲ್ಲಿ ಬೆಂಕಿ!

ಹಕ್ಕಿನ ಮಾತಿಗೆ ಬಂದರೂ ಇಷ್ಟೇ. ಅಮೆರಿಕದ ಅರ್ಕಾನ್ಸಾಸ್ ನದಿಯ ನೀರು ಹಂಚಿಕೊಳ್ಳಲು ಕೊಲೊರಾಡೊ ಮತ್ತು ಕಾನ್ಸಾಸ್ ರಾಜ್ಯಗಳು 1949ರಲ್ಲಿ ಒಪ್ಪಂದ ಮಾಡಿಕೊಂಡವು. ಆಮೇಲೆ ಮೇಲಿನ ಕೊಲೊರಾಡೊದಲ್ಲಿ ಬಾವಿಗಳು ಜಾಸ್ತಿಯಾಗಿ ಕೆಳಗಿನವರ ಪಾಲು ಸದ್ದಿಲ್ಲದೆ ಕರಗಿತು. ಕಾನ್ಸಾಸ್ 1985ರಲ್ಲಿ ಕೋರ್ಟಿಗೆ ಹೋಯಿತು, 1995ರಲ್ಲಿ ಗೆದ್ದಿತು, ಪರಿಹಾರದ 3.4 ಕೋಟಿಗೂ ಹೆಚ್ಚು ಡಾಲರ್ ಕೈಗೆ ಬಂದದ್ದು 2005ರಲ್ಲಿ. ಇಪ್ಪತ್ತು ವರ್ಷ! ಅಷ್ಟು ವರ್ಷ ಒಣಗಿದ ಬೆಳೆಗೆ ಯಾವ ಹಣ ನೀರು ಹಾಯಿಸುತ್ತದೆ?

ಬೋರು ಕೊರೆಸಿದ ರೈತ ಕಳ್ಳನಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಸಾಲ ಮಾಡಿ, ಕಾನೂನು ಕೇಳಿದ್ದನ್ನೆಲ್ಲ ಕೊಟ್ಟು ಕೊರೆಸಿರುತ್ತಾನೆ. ಒಂದು ದಿನ ಸುಮ್ನೆ ಬಂದು ಕರೆಂಟು ಕಿತ್ತರೆ ಅದೂ ಅನ್ಯಾಯವೇ. ಅದಕ್ಕೇ ಲೆಕ್ಕ ಈಗಲೇ ಶುರುವಾಗಬೇಕು. ಕುಡಿಯುವ ನೀರಿನ ಸಣ್ಣ ಬಾವಿಗಳನ್ನು ಬಿಟ್ಟುಬಿಡಿ. ದೊಡ್ಡ ಪಂಪುಗಳಿಗೆ ಮೀಟರ್ ಹಾಕಿ, ದಡಕ್ಕೆ ಹತ್ತಿರದವುಗಳಿಂದ ಆರಂಭಿಸಿ. ಹೊಳೆಯ ಕಾಲುವೆಯನ್ನೂ ಬೋರನ್ನೂ ಒಂದೇ ಪುಸ್ತಕದಲ್ಲಿ ಬರೆಯಿರಿ. ಕೊಲೊರಾಡೊ 1969ರ ಕಾನೂನಿನಲ್ಲಿ ಮಾಡಿದ್ದು ಇದನ್ನೇ: ತಡವಾಗಿ ಬಂದ ಬಾವಿಯವರು ನೀರೆತ್ತಬೇಕಾದರೆ ಹೊಳೆಗೆ ಆದ ನಷ್ಟವನ್ನು ಬೇರೆ ನೀರು ಬಿಟ್ಟು ತುಂಬಿಕೊಡಬೇಕು.

ಹೊಳೆ ಪಕ್ಕ ಹೊಸ ಬೋರಿಗೆ ಅರ್ಜಿ ಬಂದಾಗ ಅಧಿಕಾರಿಗಳು ಆಳ ಎಷ್ಟು, ಇಂಚು ಎಷ್ಟು ಎಂದಷ್ಟೇ ಕೇಳಿದರೆ ಸಾಲದು. ಈ ನೀರು ಇನ್ನು ಎಷ್ಟು ವರ್ಷಕ್ಕೆ ಹೊಳೆಯಲ್ಲಿ ಕಡಿಮೆಯಾಗುತ್ತದೆ, ಕೆಳಗಿನ ಯಾರ ಪಾಲಿನಿಂದ ಹೋಗುತ್ತದೆ ಅನ್ನುವುದನ್ನೂ ಆ ಅರ್ಜಿಯಲ್ಲೇ ಬರೆಸಲಿ.

— ಒಬ್ಬ ಓದುಗ