ಆ ಆರು ಮಂದಿಯ ಹಿಂದೆ ಒಂದು ಪುಟ್ಟ ಸಭೆಯಿತ್ತು

ಸಂಪಾದಕರಿಗೆ ನಮಸ್ಕಾರ.

ಕಾರ್ಮಿಕರ ದಿನಕ್ಕೆ ನೀವು ಹಾಕಿದ್ದ ಟಾಲ್‌ಪಡಲ್ ಲೇಖನವನ್ನು ಎರಡು ಸಲ ಓದಿದೆ. ಇಂಗ್ಲೆಂಡಿನ ಡಾರ್ಸೆಟ್‌ನ ಒಂದು ಹಳ್ಳಿ, ಸಂಘ ಕಟ್ಟಿದ ಆರು ಕೂಲಿಯಾಳುಗಳು, 1834ರಲ್ಲಿ ಏಳು ವರ್ಷದ ಗಡೀಪಾರು ಶಿಕ್ಷೆ. ಎಲ್ಲ ಬಂದಿದೆ. ಆದರೆ ಒಂದು ಮಾತು ಬಿಟ್ಟುಹೋಗಿದೆ. ಅದನ್ನು ಹೇಳದೆ ಸುಮ್ನೆ ಇರಲು ನನ್ನಿಂದಾಗಲಿಲ್ಲ.

ಆ ಆರರಲ್ಲಿ ಐವರು ಮೆಥೋಡಿಸ್ಟರು, ಅಂದರೆ ಜಾನ್ ವೆಸ್ಲಿ ಎಂಬ ಇಂಗ್ಲಿಷ್ ಪಾದ್ರಿಯಿಂದ ಶುರುವಾದ ಕ್ರೈಸ್ತ ಪಂಥದವರು. ಮುಂದಾಳು ಜಾರ್ಜ್ ಲವ್‌ಲೆಸ್ ವಾರವೆಲ್ಲ ನೇಗಿಲು ಹಿಡಿದು ಭಾನುವಾರ ಪ್ರಸಂಗ ಮಾಡುತ್ತಿದ್ದವರು. ತಮ್ಮ ಜೇಮ್ಸ್ ಕೂಡ ಪ್ರಸಂಗಿ. ಏಳು ಶಿಲಿಂಗಿನ ವಾರದ ಕೂಲಿಯನ್ನು ಆರಕ್ಕೆ ಇಳಿಸುತ್ತೇವೆ ಎಂದಾಗ ಎದ್ದು ಮಾತಾಡುವ ಧೈರ್ಯ, ಸಭೆ ಸೇರಿಸುವ ಕ್ರಮ, ಚಂದಾ ಎತ್ತಿ ಲೆಕ್ಕ ಇಡುವ ರೂಢಿ ಅವರಿಗೆ ಎಲ್ಲಿಂದ ಬಂತು? ಊರಿನ ಆ ಪುಟ್ಟ ಮೆಥೋಡಿಸ್ಟ್ ಸಭೆಯಿಂದಲೇ, ಅಂದರೆ ಕೂಡಿ ಪ್ರಾರ್ಥಿಸುವವರ ಆ ಬಳಗದಿಂದಲೇ ಬಂತು ಅಂತ ನಾನು ನಂಬುತ್ತೇನೆ.

ನಂಬಲು ಕಾರಣ ಇದೆ. ನಾನು ಹದಿನೆಂಟು ವರ್ಷ ಒಂದು ಸಣ್ಣ ಮೆಥೋಡಿಸ್ಟ್ ಸಭೆಯಲ್ಲಿ ಕ್ಲಾಸ್ ಲೀಡರ್ ಆಗಿದ್ದವಳು, ಅಂದರೆ ‘ಕ್ಲಾಸ್’ ಎಂಬ ಸದಸ್ಯರ ಸಣ್ಣ ಗುಂಪೊಂದನ್ನು ನೋಡಿಕೊಳ್ಳುತ್ತಿದ್ದವಳು. ಈ ಪದ್ಧತಿ ಶುರುವಾದದ್ದು 1742ರಲ್ಲಿ, ಬ್ರಿಸ್ಟಲ್‌ನಲ್ಲಿ. ಪ್ರಾರ್ಥನಾಮಂದಿರ ಕಟ್ಟಿದ ಸಾಲ ತೀರಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ, ಹನ್ನೆರಡು ಜನಕ್ಕೆ ಒಬ್ಬರು ಮನೆಮನೆಗೆ ಹೋಗಿ ವಸೂಲಿ ಮಾಡಲಿ ಎಂದು ತೀರ್ಮಾನವಾಯಿತು. ಕೊಡಲಾಗದ ಬಡವರ ಪಾಲನ್ನು ವಸೂಲಿಗೆ ಹೋದವರೇ ಹಾಕಬೇಕು. ಹೀಗೆ ಹೋದವರಿಗೆ ಮನೆಗಳ ಕಷ್ಟಸುಖ ಕಾಣತೊಡಗಿತು. ಜಾನ್ ವೆಸ್ಲಿ ಅದನ್ನೇ ಹಿಡಿದು ಕ್ಲಾಸ್ ಕೂಟ ಮಾಡಿದರು. ಸಾಲಕ್ಕೆ ಹುಟ್ಟಿದ ಏರ್ಪಾಡು ಒಬ್ಬರನ್ನೊಬ್ಬರು ವಿಚಾರಿಸುವ ಏರ್ಪಾಡಾಯಿತು.

ನಮ್ಮ ಸಭೆಯ ಹಳೆಯ ಕ್ಲಾಸ್ ಪುಸ್ತಕ ನನ್ನ ಕೈಗೆ ಬಂದಾಗ ರಟ್ಟು ಕಿತ್ತುಹೋಗಿತ್ತು. ಎಡಗಡೆ ಹೆಸರುಗಳು, ಎದುರಿಗೆ ವಾರಕ್ಕೊಂದರಂತೆ ಚೌಕಗಳು. ಬಂದವರಿಗೆ ಒಂದು ಗೀಟು, ಬಾರದವರಿಗೆ ಸೊನ್ನೆ. ಒಬ್ಬ ಹೆಂಗಸಿನ ಹೆಸರಿನ ಮುಂದೆ ಸಾಲಾಗಿ ಏಳು ಸೊನ್ನೆ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ, ‘ಕಾಯಿಲೆ, ನೋಡಿ ಬಂದೆ’. ಎಂಟನೇ ವಾರ ಮತ್ತೆ ಗೀಟು. ಮೊದಲ ಪುಟಗಳಲ್ಲಿ ಹೆಬ್ಬೆಟ್ಟು ಒತ್ತಿದ್ದವರೇ ಕೊನೆಯ ಪುಟಗಳಲ್ಲಿ ವಕ್ರವಕ್ರವಾಗಿ ಸಹಿ ಮಾಡಿದ್ದಾರೆ. ಆ ಸಹಿಗಳ ಮೇಲೆ ಎಷ್ಟು ಸಲ ಬೆರಳಾಡಿಸಿದ್ದೇನೋ.

ಸಣ್ಣ ಸಭೆಯ ಚರಿತ್ರೆ ಅಂದರೆ ಗೋಡೆಗೆ ತೂಗುಹಾಕಿದ ಪಾಸ್ಟರುಗಳ ಪಟ್ಟಿ ಅಂತ ತುಂಬಾ ಜನ ತಿಳಿದಿದ್ದಾರೆ. ವೆಸ್ಲಿಯ ಕಾಲದಿಂದಲೂ ಪಾಸ್ಟರುಗಳಿಗೆ ವರ್ಗ ಆಗುತ್ತಲೇ ಇತ್ತು, ಒಂದು ಕಡೆ ಮೂರು ವರ್ಷಕ್ಕಿಂತ ಜಾಸ್ತಿ ಇಡುತ್ತಿರಲಿಲ್ಲ. ಉಳಿದದ್ದೆಲ್ಲ ನಡೆಸಿದವರು ಊರಿನವರೇ ಅಲ್ವಾ? ಅವರ ಹೆಸರು ಇರುವುದು ಇಂಥ ಪುಸ್ತಕಗಳಲ್ಲಿ ಮಾತ್ರ. ಸಣ್ಣ ಸಭೆಗಳಲ್ಲಿ ಇರುವ ಓದುಗರೇ, ಬೀರು ಖಾಲಿ ಮಾಡುವಾಗ ದಯವಿಟ್ಟು ಅವನ್ನು ರದ್ದಿಗೆ ಹಾಕಬೇಡಿ.

ಟಾಲ್‌ಪಡಲ್‌ನವರು 1818ರಲ್ಲಿ ಕಟ್ಟಿಕೊಂಡ ಮಣ್ಣಿನ ಗೋಡೆಯ ಪ್ರಾರ್ಥನಾಮಂದಿರ ಆಮೇಲೆ ಬಹಳ ಕಾಲ ಕೊಟ್ಟಿಗೆಯಾಗಿತ್ತು. ಕಟ್ಟಡ ಇನ್ನೂ ನಿಂತಿದೆ. ಮುಂದಿನ ವರ್ಷ ಆ ಆರು ಮಂದಿಯ ಬಗ್ಗೆ ಬರೆದಾಗ ಅದರದೂ ಒಂದು ಫೋಟೋ ಹಾಕಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ