ಕೇಜಿ ಲೆಕ್ಕ ಬೇರೆ, ಕೈ ಲೆಕ್ಕ ಬೇರೆ

ಪ್ರೀತಿಯ ಗೆಳತಿ,

ನಿನ್ನ ಮೆಸೇಜು ರಾತ್ರಿ ಹನ್ನೊಂದಕ್ಕೆ ನೋಡಿದೆ. "ಒಬ್ಬರು ತಮ್ಮ ಅಮ್ಮನ ಅರವತ್ತಕ್ಕೆ ಇಳಕಲ್ ಸೀರೆ ಕೇಕ್ ಕೇಳ್ತಿದ್ದಾರೆ, ಎರಡು ಕೇಜಿ. ಕೇಜಿಗೆ ಎಷ್ಟು ಹೇಳ್ಲಿ?" ಜೊತೆಗೆ ಯಾರೋ ಮಾಡಿದ ಕೇಕಿನ ಫೋಟೋ. ಒಂದು ಮೊತ್ತ ಬರೆದು ಕಳಿಸಿಬಿಡಬಹುದಿತ್ತು. ಆದರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಹೇಳಿ ಹೇಳಿ ನಾನು ಒಂದು ವರ್ಷ ಪೆಟ್ಟು ತಿಂದಿದ್ದೇನೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ನಿನ್ನ ಹಾಗೆ ಮನೆಯಲ್ಲೇ ಕೇಕ್ ಶುರು ಮಾಡಿದವರು ಇನ್ನೂ ಇದ್ದಾರಲ್ಲ, ಅವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ದಾವಣಗೆರೆಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ದೊಡ್ಡ ಆರ್ಡರ್ ಒಂದು ನಾಮಕರಣದ್ದು. ಎರಡು ಕೇಜಿ ಕೇಕ್, ಮೇಲೆ ತೊಟ್ಟಿಲು, ಸುತ್ತ ಮಲ್ಲಿಗೆ ಮೊಗ್ಗಿನ ಮಾಲೆ. ಕೇಜಿಗೆ 900 ಅಂದೆ. ಬೇಕರಿ ರೇಟಿಗಿಂತ ಜಾಸ್ತಿ ಹೇಳಿದೆನಲ್ಲ ಅಂತ ಒಳಗೊಳಗೇ ಅಳುಕು ಬೇರೆ. ಮೊಗ್ಗು ಮಾಡುವುದು ಹೇಗೆ ಅಂತ ನಿನಗೆ ಗೊತ್ತು. ಬೆರಳಿಗೆ ಕಾರ್ನ್‌ಫ್ಲೋರ್ ಸವರಿಕೊಂಡು, ಕಡಲೆಕಾಳಿನಷ್ಟು ಫಾಂಡೆಂಟ್, ಅಂದರೆ ಆ ಸಕ್ಕರೆ ಕಣಕ, ಅಂಗೈಯಲ್ಲಿ ಉಜ್ಜಿ, ಒಂದು ತುದಿ ಚೂಪು ಮಾಡಿ, ಇನ್ನೊಂದು ತುದಿಗೆ ಹಸಿರು ಹಚ್ಚಬೇಕು. ಒಂದಕ್ಕೆ ಎರಡು ನಿಮಿಷ. ಅಂಥವು 120. ಅಲ್ಲಿಗೇ ನಾಲ್ಕು ಗಂಟೆ. ಮೊಗ್ಗು ಚಪ್ಪಟೆಯಾಗಬಾರದು ಅಂತ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಣಗಲು ಬಿಟ್ಟಿದ್ದೆ. ಆ ಎರಡು ದಿನ ಮನೆಯಲ್ಲಿ ಇಡ್ಲಿ ಮಾಡಲಿಲ್ಲ.

ಕೇಕ್ ಕೊಟ್ಟು ಬಂದ ರಾತ್ರಿ ಲೆಕ್ಕ ಹಾಕಿದೆ. ಬಂದದ್ದು 1,800. ಚಾಕೊಲೇಟು, ಫಾಂಡೆಂಟು, ಬೆಣ್ಣೆ, ಬೋರ್ಡು, ಬಾಕ್ಸು ಎಲ್ಲ ಸೇರಿ ಸಾಮಾನಿಗೆ 1,150. ಮಡಿಲಲ್ಲಿಟ್ಟುಕೊಂಡು ಹೋದ ಆಟೋಗೆ 180. ಉಳಿದದ್ದು 470. ನಾನು ಕೂತು, ನಿಂತು ಕೆಲಸ ಮಾಡಿದ್ದು 19 ಗಂಟೆ. ಗಂಟೆಗೆ 25 ರೂಪಾಯಿಯೂ ಬೀಳಲಿಲ್ಲ ಕಣೇ. ಆ ಮನೆಯವರು ಒಳ್ಳೆಯವರೇ, ಕೇಳಿದ್ದಕ್ಕೆ ಚೌಕಾಸಿ ಮಾಡದೆ ಕೊಟ್ಟಿದ್ದರು. ಹೇಳುವಾಗ ತಪ್ಪಿದ್ದು ನಾನು.

ಎಲ್ಲಿ ತಪ್ಪಿದೆ ಅಂತ ಹೊಳೆದದ್ದು ಬ್ಲೌಸ್ ಹೊಲಿಸಲು ಹೋದಾಗ. ನಮ್ಮ ಬೀದಿಯ ಟೈಲರ್ ಅಕ್ಕನ ಹತ್ತಿರ ಒಬ್ಬರು ಆರಿ ವರ್ಕ್ ಬ್ಲೌಸಿನ ರೇಟು ಕೇಳುತ್ತಿದ್ದರು. "ಹೊಲಿಗೆಗೆ ಇಷ್ಟು, ಲೈನಿಂಗ್ ಬೇರೆ. ವರ್ಕ್‌ದು ಡಿಸೈನ್ ನೋಡಿ ಹೇಳ್ತೀನಿ" ಅಂದರು ಅಕ್ಕ. ಬಂದವರು ಅದಕ್ಕೆ ತಕರಾರೇ ಮಾಡಲಿಲ್ಲ. ಬಟ್ಟೆಗೆ ಮೀಟರ್ ಲೆಕ್ಕ, ಕಸೂತಿಗೆ ಕೈ ಲೆಕ್ಕ ಅನ್ನುವುದು ಎಲ್ಲರಿಗೂ ಗೊತ್ತು. ಕೇಕಿನಲ್ಲಿ ಮಾತ್ರ ನಾವೇ ಎರಡನ್ನೂ ತಕ್ಕಡಿಗೆ ಹಾಕುತ್ತಿದ್ದೇವೆ. ನೂರು ಗ್ರಾಂ ತೂಗದ ಮೊಗ್ಗಿಗೆ ನಾಲ್ಕು ಗಂಟೆ ಹೋದರೆ, ಅದನ್ನು ಯಾವ ಕೇಜಿ ರೇಟಿನಲ್ಲಿ ಸೇರಿಸುತ್ತೀಯ?

ಅವತ್ತಿನಿಂದ ನಾನು ಎರಡು ಭಾಗ ಮಾಡಿ ರೇಟ್ ಹೇಳುತ್ತೇನೆ. ಮೊದಲನೆಯದು ಅಲಂಕಾರವಿಲ್ಲದ ಬರೀ ಕೇಕು. ನನಗೆ ಒಂದು ಕೇಜಿ ಎಗ್‌ಲೆಸ್ ಚಾಕೊಲೇಟ್ ಕೇಕಿಗೆ ಸಾಮಾನು ಸುಮಾರು 340 ಆಗುತ್ತದೆ. ಕಲಸುವುದು, ಬೇಯಿಸುವುದು, ಕ್ರೀಮ್ ಹಚ್ಚುವುದು, ಕೊನೆಗೆ ಜಿಡ್ಡು ಪಾತ್ರೆ ತೊಳೆಯುವುದು, ಎಲ್ಲ ಸೇರಿ ಎರಡು ಗಂಟೆ. ಗಂಟೆಗೆ 150ರಂತೆ 300. ಅಲ್ಲಿಗೆ 640. ಅದರ ಮೇಲೆ ನೂರಕ್ಕೆ ಇಪ್ಪತ್ತು, ಅಂದರೆ 128 ಸೇರಿಸಿಕೊಳ್ಳುತ್ತೇನೆ. ಬೀಟರ್ ಸವೆಯುತ್ತದೆ, ಒಂದೊಂದು ಸಲ ಕೇಕ್ ನಡುವೆ ಕುಸಿಯುತ್ತದೆ, ಬಿಚ್ಚಿದ ಕ್ರೀಮ್ ಪ್ಯಾಕೆಟ್ ಉಳಿದು ಹಾಳಾಗುತ್ತದೆ. ಆ ಖರ್ಚೆಲ್ಲ ಇನ್ನೆಲ್ಲಿಂದ ಬರಬೇಕು? ಮೊತ್ತ 768 ಆಯಿತು, ನಾನು 800 ಅನ್ನುತ್ತೇನೆ. ನಿನ್ನ ಊರಿನ ಸಾಮಾನಿನ ರೇಟು ಬೇರೆ ಇದ್ದೀತು, ಅಂಗಡಿ ಬಿಲ್ ಮುಂದಿಟ್ಟುಕೊಂಡೇ ಹಾಕು. ಅರ್ಧ ಕೇಜಿ ಕೇಳಿದರೆ 400 ಅನ್ನಬೇಡ. ಸಾಮಾನು ಅರ್ಧವಾಗುತ್ತದೆ, ಪಾತ್ರೆ ತೊಳೆಯುವ ಕೆಲಸ ಅಷ್ಟೇ ಇರುತ್ತದೆ. ನಾನು 500 ತೆಗೆದುಕೊಳ್ಳುತ್ತೇನೆ.

ಕರೆಂಟಿನದು ಒಂದು ಮಾತು. ಓವನ್ 2000 ವ್ಯಾಟ್‌ನದ್ದಾದರೆ ಗಂಟೆಗೆ ಹೆಚ್ಚೆಂದರೆ 2 ಯೂನಿಟ್, ಅಷ್ಟೇನೂ ದೊಡ್ಡದಲ್ಲ ಅನ್ನಿಸುತ್ತದೆ. ಆದರೆ ನಿಮ್ಮ ಮನೆಗೂ ಗೃಹಜ್ಯೋತಿ ಇದೆ ಅಲ್ವಾ? ತಿಂಗಳಿಗೆ 200 ಯೂನಿಟ್ ದಾಟಿತೋ, ಆ ತಿಂಗಳ ಬಿಲ್ ಪೂರ್ತಿ ನಾವೇ ಕಟ್ಟಬೇಕು. ಹೋದ ಡಿಸೆಂಬರ್‌ನಲ್ಲಿ ಆರ್ಡರ್ ಜಾಸ್ತಿಯಾಗಿ ನಮ್ಮದು 217 ಮುಟ್ಟಿತು. ಆ ಬಿಲ್ ಅಷ್ಟನ್ನೂ ಕೇಕಿನ ಖರ್ಚಿಗೇ ಬರೆದುಕೊಂಡೆ.

ಎರಡನೆಯ ಭಾಗ ಕೈಕೆಲಸ. ಗಡಿಯಾರ ನೋಡಿ ಗಂಟೆ ಬರೆದುಕೋ, ಅಂದಾಜು ಬೇಡ. ನಾನು ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಕೂತಾಗ ಎದ್ದಾಗ ಗೀಟು ಹಾಕುತ್ತಿದ್ದೆ. ಮೂರು ತಿಂಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಬಾಯಿಪಾಠವಾಯಿತು.

ಈಗ ನಿನ್ನ ಇಳಕಲ್ ಸೀರೆಗೆ ಬರುತ್ತೇನೆ. ಫೋಟೋ ನೋಡಿದರೆ ಸುಲಭ ಅನ್ನಿಸುತ್ತದೆ. ಆದರೆ ಆ ಟೋಪ್ ತೆನಿ ಸೆರಗು ಇದೆಯಲ್ಲ, ಕೆಂಪಿನ ಮೇಲೆ ಗೋಪುರದ ಹಾಗೆ ಬಿಳಿ ಹಲ್ಲುಗಳು, ಅವನ್ನು ಒಂದೊಂದೇ ಕತ್ತರಿಸಿ ಅಂಟಿಸಬೇಕು. ಒಂದು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಇಳಕಲ್ ಉಟ್ಟವರೇ ಕೇಕ್ ಕತ್ತರಿಸುವವರು, ಅವರಿಗೆ ಗೊತ್ತಾಗದೆ ಇರುತ್ತದೆಯೇ? ನಿನ್ನ ಕೈಗೆ ಎಂಟು ಗಂಟೆ ಬೇಕು ಅಂತ ನನ್ನ ಲೆಕ್ಕ. ಅದಕ್ಕೆ ಗಂಟೆಗೆ ಅದೇ 150ರಂತೆ 1,200. ಎರಡು ಕೇಜಿ ಕೇಕಿಗೆ 1,600. ಫಾಂಡೆಂಟು, ಬಣ್ಣ 250. ದೊಡ್ಡ ಬೋರ್ಡು, ಬಾಕ್ಸು 150. ಒಟ್ಟು 3,200. ಆಟೋ ಬಾಡಿಗೆ ಬೇರೆ.

ನೋಡಿದ ಕೂಡಲೇ ನಿನಗೆ ಎದೆ ಧಸಕ್ ಅನ್ನುತ್ತದೆ ಅಂತ ಗೊತ್ತು. "ಮನೇಲೇ ಮಾಡೋದಲ್ವಾ, ಸ್ವಲ್ಪ ನೋಡಿ ಹಾಕ್ಕೊಳ್ಳಿ" ಅಂತ ಖಂಡಿತ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆಗ ರೇಟ್ ಇಳಿಸಬೇಡ, ಕೆಲಸ ಇಳಿಸು. ಪೂರ್ತಿ ಸೀರೆ ಬದಲು ಸುತ್ತ ಚಾಕೊಲೇಟ್-ಕ್ರೀಮಿನ ಗನಾಶ್ ಹಚ್ಚಿ, ಮೇಲೆ ಸೆರಗು ಮಾತ್ರ ಹಾಸಿದರೆ ಮೂರು ಗಂಟೆಯ ಕೆಲಸ. ಫಾಂಡೆಂಟೂ 100 ರೂಪಾಯಿಯದು ಸಾಕು. ಅದು 2,300ಕ್ಕೆ ಆಗುತ್ತದೆ. ಎರಡನ್ನೂ ಅವರ ಮುಂದಿಡು, ಯಾವುದು ಬೇಕೋ ಅವರೇ ಹೇಳಲಿ. ಹೀಗೆ ಕೇಳಿದಾಗ ಎಷ್ಟೋ ಜನ ದೊಡ್ಡದನ್ನೇ ಆರಿಸಿದ್ದನ್ನು ನಾನು ನೋಡಿದ್ದೇನೆ. ಕೆಲಸಕ್ಕೆ ಎಷ್ಟು, ಕೇಕಿಗೆ ಎಷ್ಟು ಅಂತ ಕಂಡ ಮೇಲೆ ಅವರಿಗೂ ಅನುಮಾನ ಉಳಿಯುವುದಿಲ್ಲ.

ತೂಕದ ವಿಷಯವನ್ನೂ ಮೊದಲೇ ಬರೆದು ಕಳಿಸು. "ಫಾಂಡೆಂಟ್ ಬಿಟ್ಟು 2 ಕೇಜಿ" ಅಂತ. ಒಬ್ಬರು ಬೋರ್ಡಿನ ಸಮೇತ ತೂಗಿ ಮೂರು ಕೇಜಿ ಬಂತು ಅಂತ ಖುಷಿಪಟ್ಟಿದ್ದರು. ಇನ್ನೊಬ್ಬರು ಫಾಂಡೆಂಟ್ ತೆಗೆದಿಟ್ಟು, ಕೇಕ್ ಕಡಿಮೆ ಇದೆ ಅಂತ ಬೇಜಾರು ಮಾಡಿಕೊಂಡರು. ಅರ್ಧ ಹಣ ಮುಂಗಡ ತಗೋ. ಮುಂಗಡ ಬರುವವರೆಗೂ ಬೆಣ್ಣೆ ಫ್ರಿಜ್‌ನಿಂದ ಹೊರಗೆ ಬರಬಾರದು.

ಅಕ್ಕಂದಿರು, ಅತ್ತಿಗೆಯರು ಕೇಳಿದರೆ ಏನು ಮಾಡೋದು ಅಂತಲೂ ನೀನು ಕೇಳಿದ್ದೆಯಲ್ಲ. ನಾನು ನಮ್ಮವರಿಗೆ ಪೂರ್ತಿ ಉಡುಗೊರೆಯಾಗಿ ಕೊಡುತ್ತೇನೆ, ಇಲ್ಲವೇ ಪೂರ್ತಿ ರೇಟ್ ಹೇಳುತ್ತೇನೆ. ಅರ್ಧ ರೇಟಿಗೆ ಕೊಟ್ಟರೆ ಅದು ಉಡುಗೊರೆಯೂ ಆಗುವುದಿಲ್ಲ, ವ್ಯಾಪಾರವೂ ಆಗುವುದಿಲ್ಲ. ಆಮೇಲೆ ಅವರು ಹತ್ತು ಜನಕ್ಕೆ ಅದೇ ರೇಟ್ ಹೇಳಿ ಕಳಿಸುತ್ತಾರೆ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇನ್ನೂ ಆಗಿಲ್ಲ ಅಂದೆಯಲ್ಲ, ಈ ತಿಂಗಳೇ ಮುಗಿಸು. ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಬೇಕು. ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು.

ಇನ್ನು ಕೆಂಪು ಬಣ್ಣ. ಬಿಳಿ ಫಾಂಡೆಂಟಿಗೆ ಜೆಲ್ ಹಾಕುತ್ತಾ ಹೋದರೆ ಮೊದಲು ಗುಲಾಬಿಯಾಗುತ್ತದೆ, ಇನ್ನೂ ಹಾಕಿದರೆ ಕೈಗೆ ಅಂಟುತ್ತದೆ. ಗಾಬರಿಯಾಗಬೇಡ. ಸ್ವಲ್ಪ ತಿಳಿ ಇರುವಾಗಲೇ ನಿಲ್ಲಿಸಿ, ಗಾಳಿಯಾಡದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿಡು. ರಾತ್ರಿ ಕಳೆದರೆ ಬಣ್ಣ ತಾನೇ ಗಾಢವಾಗುತ್ತದೆ. ಕೇಕ್ ಶನಿವಾರಕ್ಕೆ ತಾನೇ? ಗುರುವಾರವೇ ನಾದಿಡು.

ಬೆಳಿಗ್ಗೆ ಎದ್ದ ಕೂಡಲೇ ಅವರಿಗೆ 3,200, 2,300 ಎರಡನ್ನೂ ಬರೆದು ಕಳಿಸು. ಏನಂದರು ಅಂತ ನನಗೆ ಫೋನ್ ಮಾಡು, ಹತ್ತರ ಮೇಲೆ ನಾನು ಖಾಲಿ ಇರುತ್ತೇನೆ.

ನಿನ್ನ ಗೆಳತಿ
ದಾವಣಗೆರೆಯಿಂದ