ಚಿಹ್ನೆಗೂ ಒಂದು ದಿಕ್ಕಿದೆ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನೀನು ಫೋಟೊ ತೆಗೆದು ಕಳುಹಿಸಿದ ಉತ್ತರಪತ್ರಿಕೆಯನ್ನು ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕುಳಿತು ನೋಡಿದೆ. −3ಕ್ಷ + 5 > 14 ಎಂಬ ಅಸಮತೆಯಲ್ಲಿ 5ನ್ನು ಬಲಕ್ಕೆ ಒಯ್ದು −3ಕ್ಷ > 9 ಎಂದು ಬರೆಯುವವರೆಗೆ ಎಲ್ಲವೂ ಸರಿಯಾಗಿದ್ದು, ಮುಂದಿನ ಸಾಲಿನಲ್ಲಿ ಕ್ಷ > −3 ಎಂದು ಎಡವಿದ್ದೀಯೆ. (ಚರಾಕ್ಷರವನ್ನು ಕ್ಷ ಎಂದೇ ಬರೆಯುತ್ತಿದ್ದೇನೆ, ಫೋನಿನ ಕೀಲಿಮಣೆಯನ್ನು ಪದೇ ಪದೇ ಬದಲಿಸುವ ತಾಳ್ಮೆ ನನಗಿಲ್ಲ.) ನಿನ್ನ ಉತ್ತರ ನಿಜವಾದರೆ ಸೊನ್ನೆಯೂ ಪರಿಹಾರವಾಗಬೇಕು, ಆದರೆ ಸೊನ್ನೆಯನ್ನು ಇಟ್ಟರೆ 5 > 14 ಎಂದು ಬರುತ್ತದೆ. −4 ಇಟ್ಟರೆ 17 > 14. ಆದ್ದರಿಂದ ಕ್ಷ < −3 ಎಂಬುದೇ ಸರಿ.

ಋಣಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಅದನ್ನು ಬಾಯಿಪಾಠ ಮಾಡಿ ಬಿಟ್ಟುಬಿಡಬೇಡ. ನಮ್ಮ ಉದ್ರಿ ಪುಸ್ತಕವನ್ನೇ ನೆನಪಿಸಿಕೊ: ಕೈಯಲ್ಲಿ 200 ರೂಪಾಯಿ ಇರುವವನಿಗಿಂತ 500 ಇರುವವನು ಮೇಲು, ಆದರೆ 500 ಬಾಕಿ ಇರುವವನಿಗಿಂತ 200 ಬಾಕಿ ಇರುವವನೇ ಮೇಲು. ಅಂದರೆ 200 < 500 ಆಗಿರುವುದರಿಂದಲೇ −200 > −500 ಆಗುತ್ತದೆ. ಸಂಖ್ಯಾರೇಖೆಯಲ್ಲಿ ಸೊನ್ನೆಯ ಬಳಿ ಕನ್ನಡಿ ಹಿಡಿದಂತೆ, ಬಲಕ್ಕೆ ಹೆಚ್ಚು ದೂರವಿದ್ದದ್ದು ಎಡಕ್ಕೂ ಅಷ್ಟೇ ದೂರ ಹೋಗಿ ನಿಲ್ಲುತ್ತದೆ.

ನೀನು ಸಮೀಕರಣದ ಅಭ್ಯಾಸಬಲದಿಂದ ಬಿಡಿಸಿದ್ದೀಯೆ ಎಂದು ನನ್ನ ಅನುಮಾನ. 1557ರಲ್ಲಿ ರಾಬರ್ಟ್ ರೆಕಾರ್ಡ್ ಸಮಾನಾಂತರವಾದ ಎರಡು ಗೆರೆಗಳನ್ನೆಳೆದು ಬಳಕೆಗೆ ತಂದ ಸಮಚಿಹ್ನೆಯನ್ನು ಯಾವ ಕಡೆಯಿಂದ ನೋಡಿದರೂ ಒಂದೇ. ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 1631ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕಾಣಿಸಿಕೊಂಡ < ಮತ್ತು > ಚಿಹ್ನೆಗಳಿಗೆ ದಿಕ್ಕಿದೆ.

ನನಗಂತೂ ಋಣಸಂಖ್ಯೆಯಿಂದ ಭಾಗಿಸುವ ಗೊಡವೆಯೇ ಇಲ್ಲದ ದಾರಿ ಹೆಚ್ಚು ಇಷ್ಟ. −3ಕ್ಷ ಪದವನ್ನು ಬಲಕ್ಕೂ 14ನ್ನು ಎಡಕ್ಕೂ ಒಯ್ದರೆ −9 > 3ಕ್ಷ, ಅಂದರೆ −3 > ಕ್ಷ; ಚಿಹ್ನೆ ಕದಲುವುದೇ ಇಲ್ಲ. ಸಂಖ್ಯಾರೇಖೆಯಲ್ಲಿ −3ರ ಮೇಲೆ ಖಾಲಿ ವೃತ್ತ ಬರೆದು ಬಾಣವನ್ನು ಎಡಕ್ಕೆ ಎಳೆ. ≤ ಅಥವಾ ≥ ಇದ್ದರೆ ಮಾತ್ರ ವೃತ್ತವನ್ನು ತುಂಬಬೇಕು.

ಇನ್ನೊಂದು ಲೆಕ್ಕ ಕೊಡುತ್ತೇನೆ: 6/ಕ್ಷ > 2. ಎರಡೂ ಕಡೆ ಕ್ಷ ಇಂದ ಗುಣಿಸಿ ಕ್ಷ < 3 ಎಂದು ಬರೆಯುವ ಮೊದಲು −1 ಇಟ್ಟು ನೋಡು. ಕ್ಷ ಧನವೋ ಋಣವೋ ನಮಗಿನ್ನೂ ಗೊತ್ತಿಲ್ಲವಲ್ಲ. ಭಾನುವಾರದೊಳಗೆ ಬಿಡಿಸಿ ಕಳುಹಿಸು.

ಇಂತಿ,
ನಿನ್ನ ಅಪ್ಪ